ಬೆಲೆ ಇಳಿದರೆ ಪ್ರೋಗ್ರಾಂಗೆ ಏಕೆ ಮುನಿಸು?

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ಗೆಳೆಯರೊಬ್ಬರಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ರೊಬಸ್ಟಾ ಚೆರ್ರಿಯ 50 ಕೆ.ಜಿ. ಚೀಲಕ್ಕೆ ನಿನ್ನೆಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಟೈಪ್ ಮಾಡಿದರೆ ಹೊಸ ದರಪಟ್ಟಿ ಬರುತ್ತದೆ. ‘--ವ್ಯತ್ಯಾಸ -200’ ಎಂದರೆ ಇನ್ನೂರು ಇಳಿಕೆ: ‘--ವ್ಯತ್ಯಾಸ’ ಎಂಬುದು ಆಯ್ಕೆ, ‘-200’ ಅದರ ಮೌಲ್ಯ. ಮೊನ್ನೆ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು: “ಸಾರ್, ಇನ್ನೂರು ಇಳಿದರೆ ಒಪ್ಪಿಕೊಳ್ಳುತ್ತದೆ, ಸಾವಿರದ ಇನ್ನೂರು ಇಳಿದರೆ ಒಪ್ಪುವುದಿಲ್ಲ. ಇದೇನು, ಬೆಳೆಗಾರರ ಪರವೇ?”

ಅವರು ಹೊಡೆದದ್ದು ‘-1,200’. ನಡುವಿನ ಅಲ್ಪವಿರಾಮವೇ ತಂಟೆ. ಟೈಪ್ ಮಾಡಿದ್ದನ್ನು ಆಯ್ಕೆ, ಮೌಲ್ಯ ಎಂದು ಬಿಡಿಸಿ ಓದಿಕೊಡುವುದು ಪೈಥಾನ್‌ನ ಜೊತೆಗೇ ಬರುವ ಆರ್ಗ್‌ಪಾರ್ಸ್. ಅವರಲ್ಲಿರುವ ಪೈಥಾನ್ ಆವೃತ್ತಿಯಲ್ಲಿ ಅದು ಅಡ್ಡಗೆರೆಯಿಂದ ಶುರುವಾಗುವ ಪದ ಕಂಡೊಡನೆ ಅದರ ಮುಖಲಕ್ಷಣ ನೋಡುತ್ತದೆ. ಬರೀ ಅಂಕಿಗಳಿದ್ದರೆ ಋಣಸಂಖ್ಯೆ. ಅಂಕಿಗಳ ನಡುವೆ ಅಲ್ಪವಿರಾಮ ಕಂಡರೆ ಇದು ಇನ್ನಾವುದೋ ಆಯ್ಕೆ ಎಂದು ತಾನೇ ತೀರ್ಮಾನಿಸಿ, ‘ಒಂದು ಮೌಲ್ಯ ಬೇಕಿತ್ತು’ ಎಂದು ಗೊಣಗಿ ನಿಂತುಬಿಡುತ್ತದೆ. ಅಲ್ಪವಿರಾಮ ತೆಗೆದು ಓದುವ ಸಾಲು ನನ್ನ ಕೋಡ್‌ನಲ್ಲಿದೆ, ಆದರೆ ಸರದಿ ಅಲ್ಲಿಯವರೆಗೆ ಬಂದರೆ ತಾನೆ! ‘--ವ್ಯತ್ಯಾಸ=-1,200’ ಎಂದು ಸಮಚಿಹ್ನೆ ಹಾಕಿ ಬರೆದರೆ ಸಲೀಸಾಗಿ ನಡೆಯುತ್ತದೆ, ನಿಜ. ಕಾಫಿ ತೂಗಿ ಲೆಕ್ಕ ಬರೆಯುವವರು ಇದನ್ನೇಕೆ ನೆನಪಿಟ್ಟುಕೊಳ್ಳಬೇಕು? ಇದೇ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಆಪ್ಟ್‌ಪಾರ್ಸ್ ಹೀಗೆ ಹಟ ಮಾಡುತ್ತಿರಲಿಲ್ಲ. ಆರ್ಗ್‌ಪಾರ್ಸ್ ಪೈಥಾನ್ 2.7ಕ್ಕೆ ಸೇರಿದ 2010ರಲ್ಲೇ ಈ ಬಗ್ಗೆ ದೂರು ದಾಖಲಾಗಿದೆ.

ಈ ಆಯ್ಕೆಗೆ ಒಂದು ಮೌಲ್ಯ ಕಡ್ಡಾಯ ಎಂದು ಪ್ರೋಗ್ರಾಂ ಬರೆದವನು ಹೇಳಿಯಾಗಿದೆ. ಹೇಳಿದ ಮೇಲೆ ಮುಂದಿನ ಪದ ಯಾವ ವೇಷದಲ್ಲೇ ಇರಲಿ, ಅದೇ ಮೌಲ್ಯ. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದೇ ಕೆಲಸಕ್ಕಿರುವ ಹಳೆಯ ಗೆಟ್‌ಆಪ್ಟ್ ಮಾಡುವುದೂ ಇದನ್ನೇ. ಹಾಗಾದರೆ ಯಾರಾದರೂ ಮೌಲ್ಯ ಬರೆಯಲು ಮರೆತರೆ ಪಕ್ಕದ ಆಯ್ಕೆಯನ್ನೇ ನುಂಗುತ್ತದಲ್ಲ ಎಂದು ಕೇಳಬಹುದು. ನುಂಗಲಿ. ಸಂಖ್ಯೆ ಬೇಕಾದ ಕಡೆ ಅಕ್ಷರ ಬಂದರೆ ಮುಂದಿನ ಹಂತದಲ್ಲೇ ಸಿಕ್ಕಿಬೀಳುತ್ತದೆ. ಕಡತದ ಹೆಸರಿನ ವಿಷಯದಲ್ಲಿ ಮಾತ್ರ ಈ ವಾದಕ್ಕೆ ತೂಕವಿದೆ, ಏಕೆಂದರೆ ಎಂಥ ಹೆಸರಾದರೂ ಅಲ್ಲಿ ನಡೆದೀತು. ಅಲ್ಲೊಂದು ಎಚ್ಚರಿಕೆಯ ಸಾಲು ಮುದ್ರಿಸಿದರೆ ಸಾಕು.

ಮೌಲ್ಯ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವ ಆಯ್ಕೆಗಳಂತೂ ಇರಲೇಬಾರದು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್‌ನ ಮಾರ್ಗಸೂಚಿಯ ಏಳನೆಯ ನಿಯಮವೂ ಇದನ್ನೇ ಹೇಳುತ್ತದೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಪಾಸ್‌ವರ್ಡಿಗಾಗಿ ಇರುವ ‘-ಪಿ’ ಆಯ್ಕೆ ಬಳಸಿದವರಿಗೆ ಗೊತ್ತು: ಪಾಸ್‌ವರ್ಡನ್ನು ಅದಕ್ಕೆ ಅಂಟಿಸಿಯೇ ಬರೆಯಬೇಕು. ಜಾಗ ಬಿಟ್ಟರೆ ಅದನ್ನು ಡೇಟಾಬೇಸಿನ ಹೆಸರೆಂದು ಎತ್ತಿಟ್ಟುಕೊಂಡು, ಪಾಸ್‌ವರ್ಡ್ ಕೊಡಿ ಎಂದು ಮತ್ತೆ ಕೇಳುತ್ತದೆ.

ಮೆಚ್ಚಬೇಕಾದದ್ದು ಕಡತಗಳ ಪಟ್ಟಿ ತೋರಿಸುವ ಗ್ನೂ ಎಲ್‌ಎಸ್ ಆದೇಶದ ನಡತೆ. ಪಟ್ಟಿಗೆ ಬಣ್ಣ ಬೇಕೇ ಬೇಡವೇ ಎಂದು ಹೇಳುವ ಅದರ ‘--ಕಲರ್’ ಆಯ್ಕೆಗೆ ಬರೀ ‘ಎ’ ಎಂದು ಕೊಟ್ಟು ನೋಡಿ. ಆಲ್ವೇಸ್, ಆಟೋ ಎರಡೂ ಇಂಗ್ಲಿಷಿನ ಅದೇ ಅಕ್ಷರದಿಂದ ಶುರುವಾಗುವುದರಿಂದ, ಇದು ಅಸ್ಪಷ್ಟ ಎಂದು ಹೇಳಿ ಒಪ್ಪಿತ ಮೌಲ್ಯಗಳ ಪಟ್ಟಿಯನ್ನೇ ಮುಂದಿಡುತ್ತದೆ. ‘ಎನ್’ ಎಂದು ಕೊಟ್ಟರೆ ತಕರಾರಿಲ್ಲ: ನೆವರ್, ನೋ, ನನ್ ಮೂರಕ್ಕೂ ಅರ್ಥ ಒಂದೇ ಆದ್ದರಿಂದ ಸುಮ್ಮನೆ ಒಪ್ಪಿಕೊಳ್ಳುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ ಮಾತು ಅರ್ಧಕ್ಕೆ ನಿಂತರೆ ಕಂಡಕ್ಟರ್ “ಕಳಸವೋ, ಕಳಸಾಪುರವೋ?” ಎಂದು ಕೇಳುತ್ತಾರೆಯೇ ಹೊರತು ತಾವೇ ಊಹಿಸಿ ಟಿಕೆಟ್ ಹರಿಯುವುದಿಲ್ಲ. ಒಂದು ಘಟ್ಟದ ಕಡೆ, ಇನ್ನೊಂದು ಬಯಲಿನ ಕಡೆ.

ಆಯ್ಕೆಗಳ ಹೆಸರನ್ನೇ ಮೊಟಕು ಮಾಡುವ ಸವಲತ್ತಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಕೈಯಲ್ಲಿ ಟೈಪ್ ಮಾಡುವಾಗ ಅದು ಹಿತ. ಆದೇಶಗಳನ್ನು ಮೊದಲೇ ಬರೆದಿಟ್ಟ ಸ್ಕ್ರಿಪ್ಟಿನೊಳಗೆ ಇಂದು ‘--ವ್ಯತ್ಯಾಸ’ದ ಬದಲು ‘--ವ್ಯ’ ಎಂದು ಬರೆದಿಟ್ಟು, ಮುಂದಿನ ವರ್ಷ ನಾನು ‘--ವ್ಯಾಪಾರಿ’ ಎಂಬ ಹೊಸ ಆಯ್ಕೆ ಸೇರಿಸಿದರೆ, ಯಾರೂ ಮುಟ್ಟದ ಸ್ಕ್ರಿಪ್ಟ್ ರಾತ್ರೋರಾತ್ರಿ ಕೆಡುತ್ತದೆ. ಆರ್ಗ್‌ಪಾರ್ಸ್‌ನಲ್ಲಿ ಇದನ್ನು ತಡೆಯಲು ಪೈಥಾನ್ 3.5ರಿಂದ ಅವಕಾಶವಿದೆ, ಆದರೆ ನಾವಾಗಿಯೇ ಹೇಳದಿದ್ದರೆ ಮೊಟಕು ಹೆಸರು ನಡೆಯುತ್ತಲೇ ಇರುತ್ತದೆ. ಅದು ತಿರುವುಮುರುವಾಗಬೇಕಿತ್ತು: ಬೇಕೆಂದವರು ಕೇಳಿ ಪಡೆಯಲಿ.