ಆಯಿಗೆ ವಯಸ್ಸು ಎಷ್ಟು?

ಆಯಿ, ಅಂದರೆ ನಮ್ಮಪ್ಪನ ಅವ್ವ, ತೀರಿಕೊಂಡ ಮರುದಿನ ನಾನೂ ಕಾಕಾನೂ ಸೂಪರ್ ಮಾರ್ಕೆಟ್‌ನಲ್ಲಿ ಫ್ಲೆಕ್ಸ್ ಮಾಡುವ ಹುಡುಗನ ಮುಂದೆ ಕೂತಿದ್ದೆವು. (ಕಲಬುರಗಿ ನೋಡದವರಿಗೆ ಒಂದು ಮಾತು: ಇಲ್ಲಿ ಸೂಪರ್ ಮಾರ್ಕೆಟ್ ಅಂದರೆ ಎಸಿ ಹಾಕಿದ ಅಂಗಡಿಯಲ್ಲ, ಇಡೀ ಬಜಾರು.) 2024ರ ಮೇ ತಿಂಗಳು. ಬಿಸಿಲು 40 ದಾಟಿತ್ತು. ಹುಡುಗ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಟೈಪ್ ಮಾಡಿದ. ಎರಡು ಕಡೆ ದೀಪ ಕೂರಿಸಿದ. ಆಮೇಲೆ ಕೇಳಿದ.

“ಅಣ್ಣಾ, ವಯಸ್ಸು ಎಷ್ಟು ಹಾಕ್ಲಿ?”

ನಾನು ಕಾಕಾನ ಮುಖ ನೋಡಿದೆ. ಕಾಕಾ ಮೇಲಿನ ಫ್ಯಾನ್ ನೋಡಿದ.

ನಮ್ಮ ಮನೆಯಲ್ಲಿ ಇದಕ್ಕಿಂತ ಹಳೆಯ ಪ್ರಶ್ನೆ ಇನ್ನೊಂದಿಲ್ಲ. ಆಯಿಯನ್ನೇ ಕೇಳಿದರೆ ಒಂದೇ ಉತ್ತರ: “ಪೊಲೀಸ್ ಆಕ್ಷನ್ ಆದಾಗ ನಾ ಇಷ್ಟಿದ್ದೆ ನೋಡು.” ಅಷ್ಟು ಹೇಳಿ ಕೈಯಿಂದ ಎತ್ತರ ತೋರಿಸುತ್ತಿದ್ದಳು. ದೇಶಕ್ಕೆಲ್ಲ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂತು. ನಾವು ನಿಜಾಮನ ಕಡೆಯವರು. ನಮಗೆ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಭಾರತದ ಸೈನ್ಯ ಬಂದ ಮೇಲೆ. ಅದೇ ಪೊಲೀಸ್ ಆಕ್ಷನ್. ಹಾಗಾಗಿ ಇಸವಿ ಪಕ್ಕಾ. ತಕರಾರು ಇದ್ದಿದ್ದು ಕೈಯದ್ದು.

ಕೂತು ಶೇಂಗಾ ಸುಲಿಯುವಾಗ ಕೇಳಿದರೆ ಕೈ ನೆಲದಿಂದ ಒಂದೂವರೆ ಅಡಿ ಮೇಲೆ ನಿಲ್ಲುತ್ತಿತ್ತು. ಅಂದರೆ ಅಂಬೆಗಾಲಿಡುವ ಕೂಸು. ನಿಂತಾಗ ಕೇಳಿದರೆ ಎದೆಮಟ್ಟ. ಅಂದರೆ ಹನ್ನೆರಡು. ಒಮ್ಮೆ ಮಾಳಗಿ ಮೇಲೆ ಹಪ್ಪಳ ಒಣಹಾಕುತ್ತಿದ್ದಳು, ನಾನು ಅಂಗಳದಿಂದ ಕೂಗಿ ಕೇಳಿದೆ. ಅಲ್ಲಿಂದಲೇ ಕೈ ತೋರಿಸಿದಳು. ಆ ಲೆಕ್ಕದಲ್ಲಿ ಆಯಿ ಆಗಲೇ ಹದಿನೈದು ಅಡಿ ಇದ್ದಳು.

ಇನ್ನೊಂದು ಸಾಕ್ಷಿ ಜೋಳದ ಗುಮ್ಮಿ, ಅಂದರೆ ಕಾಳು ತುಂಬಿಡುವ ಕಣಜ. ಆ ಗಲಾಟೆಯ ದಿನಗಳಲ್ಲಿ ಯಾರೋ “ರಜಾಕಾರರು ಬಂದ್ರು” ಎಂದು ಕೂಗಿದರಂತೆ. (ರಜಾಕಾರರು ಅಂದರೆ ನಿಜಾಮನ ಪರ ಇದ್ದ ಸಶಸ್ತ್ರ ಪಡೆಯವರು.) ಆಕೆಯ ಅವ್ವ ಆಕೆಯನ್ನು ಎತ್ತಿ ಗುಮ್ಮಿಯೊಳಗೆ ಇಳಿಸಿಬಿಟ್ಟಳಂತೆ. ಬಂದವನು ಎಣ್ಣೆ ಮಾರುವವನು. ಗಾಬರಿಯಲ್ಲಿ ಮಗಳನ್ನು ಹೊರಗೆ ತೆಗೆಯುವುದೇ ಮರೆತು ಹೋಯಿತು. ಒಳಗೆ ಆಯಿಗೆ ಗಡದ್ದಾಗಿ ನಿದ್ದೆ. ಸಂಜೆ ಬೀಸಲಿಕ್ಕೆ ಜೋಳ ತೆಗೆಯೋಣ ಎಂದು ಕೈ ಹಾಕಿದರೆ ಜುಟ್ಟು ಸಿಕ್ಕಿತಂತೆ. “ನಮ್ಮವ್ವ ಎಷ್ಟು ಜೋರ್ ಚೀರಿದ್ಳಂದ್ರ, ಊರ ಮಂದಿ ಈ ಸಲ ಖರೇನೇ ಬಂದ್ರಂತ ಬಾಗಿಲಾ ಹಾಕ್ಕೊಂಡ್ರು!” ಇದನ್ನು ಹೇಳುವಾಗ ಆಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅಳುವಂಥದ್ದೂ ಬೇಕಾದಷ್ಟು ನಡೆದಿತ್ತು. ಆಕೆ ನಮಗೆ ಹೇಳಿದ್ದು ಮಾತ್ರ ಬರೀ ಜುಟ್ಟಿನ ಕತೆ.

ನಮ್ಮಪ್ಪ ಗಣಿತದ ಮೇಷ್ಟ್ರು. ಗುಮ್ಮಿಯಲ್ಲಿ ಹಿಡಿಸಬೇಕು, ಜುಟ್ಟು ಹಾಕುವಷ್ಟು ಕೂದಲಿರಬೇಕು, ಒಬ್ಬರೇ ಎತ್ತಿ ಇಳಿಸುವಷ್ಟು ಭಾರ ಇರಬೇಕು. ಇದನ್ನೆಲ್ಲ ಕೂಡಿ ಕಳೆದು “ಹತ್ತು ವರ್ಷ” ಎಂದು ತೀರ್ಪು ಕೊಟ್ಟ. ದೊಡ್ಡತ್ತಿ ಒಪ್ಪಲಿಲ್ಲ. “ಗುಮ್ಮಿ ಎಷ್ಟ್ ದೊಡ್ಡದಿತ್ತಂತ ನಿನಗೇನ್ ಗೊತ್ತು?”

ಸರ್ಕಾರದ ಲೆಕ್ಕ ಬೇರೆಯೇ. ಊರಿನಲ್ಲಿ ಎಲ್ಲರಿಗೂ ಕಾರ್ಡು ಮಾಡಿಸುವಾಗ ಟೇಬಲ್ ಮುಂದೆ ಕೂತಿದ್ದ ಹುಡುಗ ವಯಸ್ಸು ಕೇಳಿದ್ದಾನೆ. ಆಯಿ “ನೀನೇ ನೋಡಿ ಹೇಳಪ್ಪ” ಅಂದಿದ್ದಾಳೆ. ಅವನಿಗೆ ಏನು ಕಂಡಿತೋ, 01-01-1959 ಎಂದು ಬರೆದ. ಶಾಲೆಯ ದಾಖಲೆಯಲ್ಲಿ ನಮ್ಮಪ್ಪನ ಜನ್ಮದಿನ 01-06-1964. ಹೀಗೆ ನಮ್ಮ ಆಯಿ ಐದನೇ ವರ್ಷಕ್ಕೇ ನಮ್ಮಪ್ಪನನ್ನು ಹೆತ್ತಳು. ಅವನಿಗಿಂತ ದೊಡ್ಡವಳಾದ ದೊಡ್ಡತ್ತಿಯ ವಿಷಯ ನಾವು ಯಾರ ಮುಂದೆಯೂ ಎತ್ತುವುದಿಲ್ಲ.

ಇದರ ಬಿಸಿ ತಟ್ಟಿದ್ದು 2012ರಲ್ಲಿ. ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಲು ಆಯಿಯನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಬೊಚ್ಚು ಬಾಯಿ, ಬಾಗಿದ ಬೆನ್ನು, ಕೈಯಲ್ಲಿ ಬಡಿಗೆ. ಅಲ್ಲಿನ ಸಾಹೇಬರು ಕಾರ್ಡು ನೋಡಿದರು, ಆಯಿಯನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು.

“ಅಮ್ಮಾ, ನಿಮಗಿನ್ನೂ 53. 65 ಆಗಬೇಕು. ಇನ್ನ ಹನ್ನೆರಡು ವರ್ಷ ಬಿಟ್ಟು ಬರ್ರಿ.”

ನನಗೆ ಸಿಟ್ಟು ಬಂತು. ಆಯಿಗೆ ನಗು ಬಂತು. “ಬರ್ತೀನಪ್ಪಾ. ಆದ್ರ ಅಷ್ಟೊತ್ತಿಗೆ ನಿಂದು ರಿಟೈರ್ ಆಗಿರ್ತದ. ಈಗೇ ಒಂದು ಚೀಟಿ ಬರ್ದು ಕೊಡು, ಮುಂದ ಬರೋರಿಗೆ ತೋರಿಸ್ತೀನಿ.” ಸಾಹೇಬರೂ ನಕ್ಕುಬಿಟ್ಟರು. ಚಹಾ ತರಿಸಿ ಕುಡಿಸಿದರು. ವೇತನ ಮಾತ್ರ ಕೊಡಲಿಲ್ಲ. ವಾಪಸು ಬರುವಾಗ ಆಟೋದವನು “ಕೂಡು ಆಯಿ, ಹುಷಾರು” ಅಂದ. “ಆಯಿ ಅನಬ್ಯಾಡೋ, ನನಗಿನ್ನಾ ಐವತ್ಮೂರು” ಎಂದಳು.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು, ಅಂದರೆ ಇದು ಈ ನೆಲದ್ದೇ ಎಂಬ ಸರ್ಕಾರಿ ಗುರುತು. ಕಾಕಾ ಪೇಪರ್ ಹಿಡಿದು ಖುಷಿಯಿಂದ ಓದಿ ಹೇಳಿದ. ಆಯಿ ಪೂರ್ತಿ ಕೇಳಿಸಿಕೊಂಡಳು. “ಅಂದ್ರ ತೊಗರಿಗೆ ಸರ್ಟಿಫಿಕೇಟ್ ಕೊಟ್ಟಾರ. ಅದನ್ನ ಬಿತ್ತಿದಾಕಿಗೆ ಕೊಡ್ಲಿಲ್ಲ.”

ಈಗ ಶರಣಬಸವೇಶ್ವರರ ಜಾತ್ರೆಯದ್ದೊಂದು ಹೇಳಲೇಬೇಕು. ವಯಸ್ಸಿಗೂ ಇದಕ್ಕೂ ಅಷ್ಟೇನೂ ಸಂಬಂಧ ಇಲ್ಲ, ಆದರೆ ಬಿಟ್ಟರೆ ನನಗೇ ಸಮಾಧಾನ ಆಗುವುದಿಲ್ಲ. ಹೋಳಿ ಆಗಿ ಐದನೇ ದಿನ ತೇರು. ನಾನಾಗ ಆರನೇ ಕ್ಲಾಸು. ಮಂದಿ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ನೂಕುನುಗ್ಗಲಿನಲ್ಲಿ ಆಯಿ ಕೈಬಿಟ್ಟು ಹೋದಳು. ಅಪ್ಪನ ಮುಖ ಬಿಳಿಚಿಕೊಂಡಿತು. ಅರ್ಧ ಗಂಟೆ ಹುಡುಕಿದೆವು. ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು:

“ಗುಂಡ್ಯಾ ಎಂಬ ಹುಡುಗ ತಪ್ಪಿಸಿಕೊಂಡಿದ್ದಾನೆ. ಬಿಳಿ ಅಂಗಿ ತೊಟ್ಟಿದ್ದಾನೆ. ಗುಂಡ್ಯಾ, ಎಲ್ಲಿದ್ದರೂ ಬಾಪ್ಪಾ, ನಿಮ್ಮವ್ವ ಇಲ್ಲಿದ್ದಾಳೆ. ಅಳಬೇಡ.”

ಗುಂಡ್ಯಾ ನಮ್ಮಪ್ಪ. ಅವನಿಗಾಗ ನಲವತ್ತರ ಹತ್ತಿರ. ಜಾತ್ರೆಯಲ್ಲಿ ಅವನ ಶಾಲೆಯ ಅರ್ಧ ಮಕ್ಕಳಿದ್ದರು. ನಾವು ಮೈಕಿನ ಹತ್ತಿರ ಹೋದರೆ ಆಯಿ ಕುರ್ಚಿ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಾಳೆ. “ಕಳಕೊಂಡಾಕಿ ನೀನು!” ಎಂದು ಅಪ್ಪ ಕೂಗಾಡಿದ. “ನಾ ಎಲ್ಲಿದ್ದೀನಂತ ನನಗ ಗೊತ್ತಿತ್ತು. ನೀ ಎಲ್ಲಿದ್ದಿ ಅನ್ನೋದೇ ಗೊತ್ತಿರ್ಲಿಲ್ಲ” ಎಂದಳು. ಅದಾದ ಮೇಲೆ ತುಂಬಾ ವರ್ಷ, ಅಪ್ಪ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಸಣ್ಣಗೆ “ಅಳಬೇಡ” ಎಂದು ಕೇಳಿಸುತ್ತಿತ್ತಂತೆ.

ಫ್ಲೆಕ್ಸ್ ಅಂಗಡಿಗೆ ಬರುತ್ತೇನೆ. ಫೋಟೋದ್ದೂ ತಾಪತ್ರಯವೇ. ನಮ್ಮ ಹತ್ತಿರ ಇದ್ದ ಎಲ್ಲ ಫೋಟೋದಲ್ಲೂ ಆಯಿ ಬಾಯಿ ತೆರೆದು ನಗುತ್ತಿದ್ದಳು. “ಶ್ರದ್ಧಾಂಜಲಿಗೆ ಇದು ಸರಿ ಕಾಣಂಗಿಲ್ರಿ, ಸೀರಿಯಸ್ ಇದ್ದಿದ್ದು ಇಲ್ಲೇನು?” ಎಂದ ಹುಡುಗ. ಸೀರಿಯಸ್ ಇದ್ದಿದ್ದು ಒಂದೇ, ಕಾರ್ಡಿನದು. ಅದರಲ್ಲಿ ಆಯಿ ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತಿದ್ದಳು. ನಗುವುದನ್ನೇ ಹಾಕು ಎಂದೆವು.

ಕಾರ್ಡು ತೆಗೆದಾಗ ನನಗೆ ಹೊಳೆಯಿತು. ಆ ವರ್ಷ ಕಾರ್ಡಿನ ಲೆಕ್ಕದಲ್ಲಿ ಆಯಿಗೆ 65 ತುಂಬಿತ್ತು. ಸಾಹೇಬರು ಹೇಳಿದ ಹನ್ನೆರಡು ವರ್ಷ ಮುಗಿದಿತ್ತು. ನಾವ್ಯಾರೂ ಅರ್ಜಿ ಹಾಕಿರಲಿಲ್ಲ. ಕಾಕಾನಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ಕಾರ್ಡು ನೋಡಿ, ಮೂಗು ಸೀನಿಕೊಂಡ.

ಫ್ಲೆಕ್ಸಿಗೆ 65 ಹಾಕುವಂತಿರಲಿಲ್ಲ. ಆ ತಿಂಗಳ ಕೊನೆಗೆ ಅಪ್ಪ 60 ತುಂಬಿ ರಿಟೈರ್ ಆಗುವವನಿದ್ದ. ಫೋನ್ ಮಾಡಿದರೆ ಅವನು ಗುಮ್ಮಿ ಲೆಕ್ಕದ ಪ್ರಕಾರ 86 ಎಂದ. ದೊಡ್ಡತ್ತಿ ಹಿಂದಿನಿಂದ 91 ಎಂದು ಕೂಗಿದಳು. “ರೌಂಡ್ ಫಿಗರ್ 90 ಹಾಕ್ಲಾ ಅಣ್ಣಾ?” ಎಂದ ಹುಡುಗ, ತರಕಾರಿ ಮಾರುವವನ ಧಾಟಿಯಲ್ಲಿ. ಕೊನೆಗೆ 86 ಆಯಿತು.

ಫ್ಲೆಕ್ಸ್ ಗಟ್ಟಿಯಾಗಿತ್ತು. ಡಿಸೆಂಬರ್ 30ಕ್ಕೆ ಎಳ್ಳ ಅಮಾಸಿ ಬಂತು. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಭಜ್ಜಿ ಆಯಿ ಮಾಡಿದ ಹಾಗೆ ಆಗಿರಲಿಲ್ಲ, ಯಾರೂ ಅನ್ನಲಿಲ್ಲ. ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆ ಎರಚಿ, ಬಂದು ನೋಡಿದರೆ, ಕಾಕಾ ಕೂರಲಿಕ್ಕೆಂದು ಆ ಫ್ಲೆಕ್ಸ್ ಹಾಸುತ್ತಿದ್ದಾನೆ. ಮುಖ ಮೇಲೆ ಮಾಡಿದರೆ ಆಯಿಯ ಮೇಲೆ ಕೂರುವವರು ಯಾರು? ಕೆಳಗೆ ಮಾಡಿದರೆ “ಅವ್ವನ ಮಕ ಮಣ್ಣಿಗಿ ಹಚ್ತಿಯೇನೋ?” ಎಂದು ದೊಡ್ಡತ್ತಿ ಬೈದಳು. ಕಡೆಗೆ ಟ್ರ್ಯಾಕ್ಟರಿಗೂ ಬೇವಿನ ಗಿಡಕ್ಕೂ ನಡುವೆ ಕಟ್ಟಿ ನೆರಳು ಮಾಡಿದೆವು. ಬಾಯಿ ತೆರೆದು ನಗುತ್ತ ಆಯಿ ನಮ್ಮ ತಲೆ ಮೇಲೆ.

ಪಕ್ಕದ ಹೊಲದ ಮುತ್ಯಾನನ್ನು ಊಟಕ್ಕೆ ಕರೆದೆವು. ಆಯಿಯ ತವರೂರಿನವನು. ರೊಟ್ಟಿ ಮುರಿಯುತ್ತ ಮೇಲೆ ನೋಡಿದ. ಹಣೆಗೆ ಕೈ ಅಡ್ಡ ಹಿಡಿದು ಮತ್ತೆ ನೋಡಿದ.

“ಎಂಬತ್ತಾರು ಅಂತ ಯಾವನಲೇ ಬರ್ಸಿದ್ದು? ಈಕಿ ನನಕಿಂತ ನಾಕ ವರ್ಷ ಸಣ್ಣಾಕಿ!”

ಅಪ್ಪ ರೊಟ್ಟಿ ಕೆಳಗಿಟ್ಟ. “ಮುತ್ಯಾ, ನಿಂಗೀಗ ಎಷ್ಟು?”

“ನಂಗಾ?” ಮುತ್ಯಾ ಕೈ ನೆಲದಿಂದ ಎರಡು ಅಡಿ ಮೇಲೆ ಹಿಡಿದ. “ಪೊಲೀಸ್ ಆಕ್ಷನ್ ಆದಾಗ ನಾ ಇಷ್ಟಿದ್ದೆ ನೋಡು.”