ನೀಲಿ ಟಾರ್ಪಾಲು ಕಾಯುವ ಕೆಲಸ

ಚೆರ್ರಿ ಹೂ ಅರಳಿತು ಅಂತ ಟೋಕಿಯೊದಲ್ಲಿ ಯಾರೋ ದಾರಿಹೋಕರು ಹೇಳಿದರೆ ನಡೆಯುವುದಿಲ್ಲ, ಹವಾಮಾನ ಇಲಾಖೆಯೇ ಹೇಳಬೇಕು. ಯಾಸುಕುನಿ ದೇಗುಲದ ಆವರಣದಲ್ಲಿ ಅದಕ್ಕೆಂದೇ ಗೊತ್ತು ಮಾಡಿದ ಮರ ಇದೆ. ಇಲಾಖೆಯವರು ಬಂದು ಐದಾರು ಹೂ ಎಣಿಸಿದರೆ ಸಾಕು, ಟಿವಿಯಲ್ಲಿ ಅದೇ ಸುದ್ದಿ. ಊರಿನ ಮರಗಳಲ್ಲಿ ಹೆಚ್ಚಿನವು ಸೋಮೆಯ್ ಯೋಶಿನೊ ಅನ್ನೋ ಒಂದೇ ತಳಿ, ಕಸಿ ಮಾಡಿ ಬೆಳೆಸಿದ್ದು, ಹಾಗಾಗಿ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಮರದ ಕೆಳಗೆ ಟಾರ್ಪಾಲು ಹಾಸಿ, ಆಫೀಸಿನವರೆಲ್ಲ ಒಟ್ಟಿಗೆ ಕೂತು ತಿಂದು ಕುಡಿಯೋಕೆ ಊರಿಗೆ ಊರೇ ಅದೇ ವಾರ ಪಾರ್ಕಿಗೆ ನುಗ್ಗುತ್ತದೆ. ಜಪಾನಿನಲ್ಲಿ ಹೊಸಬರು ಕೆಲಸಕ್ಕೆ ಸೇರುವುದೂ ಏಪ್ರಿಲ್ 1ಕ್ಕೆ. ಬೆಳಿಗ್ಗೆಯೇ ಹೋಗಿ ಜಾಗ ಹಿಡಿಯುವ ಕೆಲಸ ಯಾರ ತಲೆಗೆ ಬರುತ್ತದೆ ಅಂತ ಬೇರೆ ಹೇಳಬೇಕಾ?

ಉಎನೊ ಪಾರ್ಕ್ ಬೆಳಿಗ್ಗೆ 5ಕ್ಕೆ ತೆರೆಯುತ್ತದೆ. ಆಫೀಸಿನವರು ಬರುವುದು ಸಂಜೆ. ಟಾರ್ಪಾಲು ಹಾಸಿ ಎದ್ದು ಹೋಗುವ ಹಾಗಿಲ್ಲ, ಯಾರಾದರೂ ಕೂತಿರಲೇಬೇಕು. ಗಾಳಿ ಬೇರೆ. ಟಾರ್ಪಾಲಿಗೆ ನಾಲ್ಕು ಮೂಲೆ, ನನ್ನ ಹತ್ತಿರ ಇದ್ದದ್ದು ಎರಡು ಶೂ, ಒಂದು ಬ್ಯಾಗು. ನಾಲ್ಕನೇ ಮೂಲೆಗೆ ನಾನೇ. ಚಳಿಗೆ ಪದೇ ಪದೇ ಶೌಚಾಲಯಕ್ಕೆ ಹೋಗಬೇಕು ಅನ್ನಿಸುತ್ತದೆ, ಶೂ ಹಾಕಿಕೊಂಡು ಎದ್ದರೆ ಮೂರು ಮೂಲೆ ಒಟ್ಟಿಗೇ ಏಳುತ್ತವೆ. ಕೊನೆಗೆ ಪಕ್ಕದ ಟಾರ್ಪಾಲಿನ ಕರಿ ಸೂಟಿನ ಹುಡುಗ, ಅವನೂ ಯಾವುದೋ ಕಂಪನಿಯ ಹೊಸಬ, ತನ್ನದರ ಮೇಲೆ ಕೂತು ನನ್ನದರ ಮೇಲೆ ಕಾಲು ಚಾಚಿದ. ಆಮೇಲೆ ಅವನು ಹೋದಾಗ ನಾನು ಚಾಚಿದೆ. ಹೆಸರು ಕೇಳುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಅಷ್ಟರಲ್ಲಿ ದಾವಣಗೆರೆಯಿಂದ ಅಮ್ಮನ ವಿಡಿಯೊ ಕಾಲ್. ಫೋನನ್ನು ಮೇಲಕ್ಕೆ ಹಿಡಿದು ತೋರಿಸಿದೆ.

"ಚೆನ್ನಾಗಿದೆ ಕಣೇ. ಘಮ ಇದೆಯಾ?"

"ಅಷ್ಟೇನಿಲ್ಲ ಅಮ್ಮ."

"ಮುಡ್ಕೊಳ್ಳೋಕೆ?"

"ಕೀಳೋ ಹಾಗಿಲ್ಲ."

"ಹಣ್ಣಾದ್ರೂ ತಿನ್ನೋಕೆ ಬರುತ್ತಾ?"

"ಇಲ್ಲ."

"ಮತ್ತೆ ಬೆಳಗಾಗೆದ್ದು ಏನೇ ಕಾಯ್ತಾ ಕೂತಿದ್ದೀಯಾ?"

ಟಾರ್ಪಾಲು ಅಂತ ಹೇಳಿದೆ. ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟರು.

ಮಧ್ಯಾಹ್ನ ಚಪಾತಿ ಸುರುಳಿ ಬಿಚ್ಚುತ್ತಿದ್ದ ಹಾಗೇ ಕಾಗೆ ಬಂತು. ಟೋಕಿಯೊ ಕಾಗೆಯ ಕೊಕ್ಕು ನೀವು ನೋಡಬೇಕು, ಅಷ್ಟು ದಪ್ಪ. ಫಾಯಿಲ್ ಸಮೇತ ಎತ್ತಿಕೊಂಡು, ನನ್ನ ಎದುರಿನ ಕೊಂಬೆಯ ಮೇಲೇ ಕೂತು, ಆಲೂಗಡ್ಡೆ ಪಲ್ಯ ಬೀಳಿಸದೆ ತಿಂದಿತು. ನಮ್ಮಲ್ಲಿ ತಿಥಿ ದಿನ ತಾರಸಿ ಮೇಲೆ ನಿಂತು ಗಂಟಲು ಕಟ್ಟುವವರೆಗೆ ಕಾ ಕಾ ಅಂತ ಕರೆದರೂ ಒಂದೂ ಬರುವುದಿಲ್ಲ, ಅಲ್ವಾ?

ಸಂಜೆ ಆಫೀಸಿನವರು ಬಂದರು. ಸಾಲಾಗಿ ಶೂ ಬಿಚ್ಚಿಟ್ಟರು, ಕೋಟಿನ ಮೇಲೆ ಕಂಬಳಿ ಹೊದ್ದರು, ನಡುಗುವ ಕೈಯಲ್ಲಿ ತಣ್ಣನೆ ಬಿಯರ್ ಹಿಡಿದರು. ಕತ್ತೆತ್ತಿ ನೋಡಿದ್ದು ಫೋಟೋ ತೆಗೆಯುವಾಗ ಮಾತ್ರ. ಉಳಿದ ಹೊತ್ತೆಲ್ಲ ಕರಿದ ಕೋಳಿಯ ಕಡೆಗೇ ಗಮನ. ಒಂದು ಸುತ್ತು ಬಿಯರ್ ಆಗುತ್ತಿದ್ದಂತೆ ಮ್ಯಾನೇಜರ್ ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದರು. ಹಿಂದೆಯೇ ಇನ್ನಿಬ್ಬರು. ಕೆಲಸಕ್ಕೆ ಸೇರಿದ ಮೇಲೆ ನನ್ನ ಅಭಿಪ್ರಾಯ ಯಾರಾದರೂ ಕೇಳಿದ್ದು ಅದೇ ಮೊದಲು: ಪಾರ್ಕಿನಲ್ಲಿ ಯಾವ ಶೌಚಾಲಯದ ಮುಂದೆ ಕ್ಯೂ ಕಡಿಮೆ?