ಸ್ಪಷ್ಟನೆ: ಮುಂದಿನ ಬ್ರೇಕ್ ಮುಟ್ಟಬಾರದು ಅನ್ನೋದು ತಪ್ಪು

“ಬೈಕ್ ಕಲಿಯುವವರು ಮುಂದಿನ ಬ್ರೇಕ್ ಮುಟ್ಟಲೇಬಾರದು, ಪಲ್ಟಿ ಹೊಡೀತೀರಿ” ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯ ಕೂಡ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರಿಗೆ ಹಿಡಿತ ಜಾಸ್ತಿಯಾಗುತ್ತದೆ, ಹಿಂದಿನದು ಹಗುರಾಗುತ್ತದೆ. ಹಿಂದಿನ ಬ್ರೇಕನ್ನಷ್ಟೇ ನಂಬಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು.

ಜನ ಬೀಳುವುದು ಗಾಬರಿಯಲ್ಲಿ ಲಿವರನ್ನು ಗಬಕ್ಕನೆ ಹಿಡಿದಾಗ, ಅದೂ ತಿರುವಿನಲ್ಲಿ, ಮರಳಿನ ಮೇಲೆ. ಹ್ಯಾಂಡಲ್ ನೇರ ಇಟ್ಟು, ಎರಡೂ ಬ್ರೇಕ್ ಬಳಸಿ, ಲಿವರನ್ನು ನಿಧಾನವಾಗಿ ಬಿಗಿ ಮಾಡುತ್ತಾ ಹೋಗಬೇಕು. ಒಳ್ಳೆಯ ಸುರಕ್ಷತಾ ತರಬೇತಿಯಲ್ಲಿ ಖಾಲಿ ಮೈದಾನದಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಓದಿ ಬರುವ ವಿದ್ಯೆ ಇದಲ್ಲ, ಬೆರಳಿಗೇ ರೂಢಿಯಾಗಬೇಕು.

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕ್‌ಗಳಿಗೆ ಕನಿಷ್ಠ ಸಿಬಿಎಸ್ (ಎರಡೂ ಬ್ರೇಕ್‌ಗಳನ್ನು ಜೋಡಿಸುವ ವ್ಯವಸ್ಥೆ) ಕಡ್ಡಾಯವಾಯಿತು. ಅದರಲ್ಲಿ ಹಿಂದಿನ ಪೆಡಲ್ ಒತ್ತಿದರೂ ಮುಂದಿನ ಬ್ರೇಕ್ ಸ್ವಲ್ಪ ಹಿಡಿಯುತ್ತದೆ. ಮುಂದಿನದು ಬೇಡವೆಂದಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.